ಗಾಲಿಗೆ ಬಣ್ಣ

ಮುಂಬಯಿಯಲ್ಲಿ ಕಾಲು ನೀಡಿ ಮಲಗುವುದಕ್ಕೇ ಸ್ಥಳ ಸಾಲದು. ಇನ್ನು ಮೋಟಾರಿನ ಗಾಲಿಗೆ ಮನೆಯಲ್ಲೇ ಬಣ್ಣ ಹಚ್ಚುವುದೆಂದರೆ ಹುಚ್ಚಲ್ಲವೇ ಎಂದು ವಾಚಕರು ಕೇಳಬಹುದು. ಕಟ್ಟಡದ ಹಿಂದೆ ನಾಲ್ಕು ಮಾರು ಜಾಗವೂ, ಎರಡು ರಜೆಯ ದಿನಗಳೂ, ನೆರೆಯವರ ಸೈರಣೆಯೂ ಇದ್ದರೆ ಹುಚ್ಚಲ್ಲ. ಮೂರು ನಾಲ್ಕು ವರ್ಷಕ್ಕೊಮ್ಮೆ, ಆಯುಧಪೂಜೆಯ ಹಿಂದಿನ ವಾರ, ನಾವು ಮನೆಮಂದಿಯೆಲ್ಲ ಸೇರಿ ಈ ಕೆಲಸ ಮಾಡುತ್ತ ಬಂದಿದ್ದೇವೆ.

ನಮ್ಮದು ಪ್ರೀಮಿಯರ್ ಪದ್ಮಿನಿ. 1964ರಲ್ಲಿ ಇಲ್ಲಿಯ ಕುರ್ಲಾದಲ್ಲೇ ಫಿಯೆಟ್ 1100 ಡಿಲೈಟ್ ಎಂದು ಹುಟ್ಟಿ, ಮುಂದಿನ ದಶಕದಲ್ಲಿ ಪದ್ಮಿನಿಯೆಂದು ಹೆಸರಿಡಿಸಿಕೊಂಡ ಜಾತಿ ಅದು. 2023ರ ಅಕ್ಟೋಬರಿನಲ್ಲಿ ಪದ್ಮಿನಿ ಟ್ಯಾಕ್ಸಿಗಳು ಈ ಊರಿನ ಬೀದಿಯಿಂದ ಮರೆಯಾದ ಮೇಲೆ, ನಮ್ಮ ಗಾಡಿಯನ್ನು ಕಂಡವರು ಸಿಗ್ನಲ್ಲಿನಲ್ಲಿ ಹಳೆಯ ನೆಂಟರನ್ನು ಕಂಡಂತೆ ಕುಶಲ ಕೇಳುತ್ತಾರೆ. ಅದರ ಗಾಲಿ ಬರಿಯ ಉಕ್ಕಿನದು. ಉಕ್ಕಿಗೆ ಕಡಲ ಗಾಳಿಯಷ್ಟು ವೈರಿ ಬೇರೆಯಿಲ್ಲ. ಬಣ್ಣ ಸಾಸಿವೆಯಷ್ಟು ಎದ್ದರೆ ಸಾಕು, ತುಕ್ಕು ಒಳಗೊಳಗೇ ಹರಿದು, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಂಗೈಯಗಲ ಹಬ್ಬಿರುತ್ತದೆ.

ಬಣ್ಣ ಹಚ್ಚುವುದು ಅರ್ಧ ಗಂಟೆಯ ಕೆಲಸ. ಸಿದ್ಧತೆಯೇ ಒಂದೂವರೆ ದಿನ. ಗಾಲಿ ನೆಲದ ಮೇಲಿರುವಾಗಲೇ ಬೋಲ್ಟುಗಳನ್ನು ಸಡಿಲಿಸಿ, ಆಮೇಲೆ ಜಾಕಿ ಏರಿಸಿ, ಗಾಡಿಯನ್ನು ಗಟ್ಟಿ ಆಧಾರದ ಮೇಲೆ ನಿಲ್ಲಿಸಬೇಕು. ಸೋಪಿನ ನೀರಿನಲ್ಲಿ ತೊಳೆದು, ಎಣ್ಣೆಯ ಪಸೆಯನ್ನು ತಿನ್ನರ್ ಬಟ್ಟೆಯಿಂದ ಒರೆಸಬೇಕು. ಪಸೆಯಿದ್ದರೆ ಎಂಥ ಬಣ್ಣವೂ ಹಿಡಿಯದು. ತಂತಿ ಬ್ರಷ್ಷಿನಿಂದ ತುಕ್ಕನ್ನು ಕೆರೆದು, 80 ನಂಬರಿನ ಉಪ್ಪುಕಾಗದದಿಂದ ಆರಂಭಿಸಿ 320ರವರೆಗೆ ಉಜ್ಜಬೇಕು. ಸಂದಿಯಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲದ ದ್ರಾವಣ. ತೊಳೆದು ಒಣಗಿಸಿದೊಡನೆ ಪ್ರೈಮರ್ ಬೀಳಲೇಬೇಕು. ಊಟ ಮಾಡಿ ಬರೋಣವೆಂದರೆ ನಮ್ಮ ಈ ಹವೆಯಲ್ಲಿ ಹೊಸ ತುಕ್ಕು ಅಷ್ಟರಲ್ಲೇ ಮೂಡುತ್ತದೆ.

ಟೈರಿಗೆ ಬಣ್ಣ ತಾಗದಂತೆ ನಾವು ಗಾಳಿ ಇಳಿಸಿ, ಅಂಚಿನ ಸಂದಿಗೆ ಹಳೆಯ ಲಗ್ನಪತ್ರಿಕೆಗಳನ್ನು ಸುತ್ತಲೂ ಸಿಕ್ಕಿಸುತ್ತೇವೆ. ಈಗಿನ ಪತ್ರಿಕೆಗಳು ಎಷ್ಟು ದಪ್ಪವೆಂದರೆ, ಅವು ಇದಕ್ಕೆಂದೇ ಅಚ್ಚಾದವೋ ಎನಿಸಬೇಕು. ಗಾಲಿ ಗಾಡಿಗೆ ಅಂಟಿ ಕೂರುವ ಒಳಮುಖಕ್ಕೂ ಬೋಲ್ಟು ಕೂರುವ ಕುಳಿಗಳಿಗೂ ಬಣ್ಣ ದಪ್ಪಗೆ ಬೀಳಬಾರದು. ಓಡಾಟದಲ್ಲಿ ಅದು ಅರೆದು ತೆಳುವಾದರೆ ಬೋಲ್ಟು ಸಡಿಲಾಗುತ್ತದೆ. ಹಾಗಾಗಿ ಅಲ್ಲೆಲ್ಲ ಅಂಟುಪಟ್ಟಿ. ಬಣ್ಣವನ್ನು ಒಂದೇ ಸಲ ಸುರಿಯದೆ, ಗೇಣಿಗಿಂತ ತುಸು ದೂರದಿಂದ, ಕೈ ನಿಲ್ಲಿಸದೆ, ಮೂರು ತೆಳುಪದರ. ಮೋಡವಿದ್ದ ದಿನ ಹಚ್ಚಿದರೆ ತೇವ ಸಿಕ್ಕಿ ಬಣ್ಣ ಹಾಲುಹಾಲಾಗುವುದುಂಟು.

ಇಷ್ಟೆಲ್ಲ ಬರೆಯಲು ಕಾರಣ 2024ರ ನವರಾತ್ರಿ. ಆ ದೀಪಾವಳಿಗೆ ಅಜ್ಜಿಯನ್ನೂ ಮಕ್ಕಳನ್ನೂ ಕೂರಿಸಿಕೊಂಡು ಅಂಕೋಲೆಗೆ ಹೋಗುವುದೆಂದು ನಿಶ್ಚಯಿಸಿದ್ದೆವು. ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುವ ದಾರಿ. ಮೂರನೆಯ ಗಾಲಿಯನ್ನು ಉಜ್ಜುತ್ತಿರುವಾಗ ಬೋಲ್ಟಿನ ತೂತಿನಿಂದ ಹೊರಟ ಕೂದಲೆಳೆಯಂಥ ಗೆರೆಯೊಂದು ಕಂಡಿತು. ಗೀರೋ, ಬಿರುಕೋ? ಇದಕ್ಕೊಂದು ಹಳೆಯ ಉಪಾಯವಿದೆ. ಆ ಜಾಗಕ್ಕೆ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಬೇಕು. ಬಿರುಕಿದ್ದರೆ ಒಳಗಿಳಿದ ಎಣ್ಣೆ ಮೆಲ್ಲಗೆ ಹೊರಬಂದು ಬಿಳಿಯ ಮೇಲೆ ಗೆರೆ ಬರೆಯುತ್ತದೆ. ಬರೆಯಿತು, ಎರಡು ಬೆರಳುದ್ದ.

ಪರಿಚಯದ ಮೆಕ್ಯಾನಿಕ್ಕರು, "ಬೆಸುಗೆ ಹಾಕಿ ಮೇಲೆ ಬಣ್ಣ ಬಳಿದರೆ ಯಾರಿಗೆ ಕಾಣುತ್ತದೆ?" ಎಂದರು. ಕಾಣದಂತಾಗುವುದೇ ನಮಗೆ ಬೇಡವಾಗಿತ್ತು. ಬೋಲ್ಟಿನ ತೂತಿನ ಸುತ್ತ ಬೆಸುಗೆ ಹಾಕಿದ ಗಾಲಿಯನ್ನು ನಂಬಿ ಘಟ್ಟ ಇಳಿಯುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಆದರೆ ಸಿಗದ ಗಾಡಿಯ ಸಿಗದ ಗಾಲಿ! ಪ್ರಯಾಣವೇ ತಪ್ಪೀತೇನೋ ಎಂದು ಅಜ್ಜಿಯ ಮುಖ ಬಾಡಿತು. ಊರು ಕಂಡು ಅವರಿಗೆ ಆರು ವರ್ಷವಾಗಿತ್ತು. ಮರುದಿನ ಕುರ್ಲಾದ ಹಳೆ ಸಾಮಾನಿನ ಅಂಗಡಿಗಳಿಗೆ, ಸೀಮೆಎಣ್ಣೆಯ ಶೀಶೆಯನ್ನೂ ಮಗಳ ಸೀಮೆಸುಣ್ಣವನ್ನೂ ಹಿಡಿದೇ ಹೋದೆವು. ಮೊದಲಿನ ಗಾಲಿಯ ಅಂಚು ಬಾಗಿತ್ತು. ಎರಡನೆಯದಕ್ಕೆ ಪುಡಿ ಉದುರಿಸಿದಾಗ ಅಂಗಡಿಯವರು, ಇದೇನು ಮಾಟವೋ ಎಂಬಂತೆ ನೋಡಿದರು. ಅದರಲ್ಲೂ ಗೆರೆ ಮೂಡಿತು. ಮೂರನೆಯದರ ಮೇಲೆ ಸುಣ್ಣ ಬೆಳ್ಳಗೇ ಉಳಿಯಿತು. ಬಿರುಕು ಬಿಟ್ಟ ಗಾಲಿಯನ್ನು ಇನ್ನಾರೂ ಕಟ್ಟಿಕೊಳ್ಳದಿರಲೆಂದು ಕೊಯ್ಯಿಸಿ ಗುಜರಿಗೆ ಕೊಟ್ಟೆವು.

ಪೂಜೆಯ ದಿನ ನಿಂಬೆಹಣ್ಣಿನ ಮೇಲೆ ಹರಿಸಿ, ಟೈರಿನ ಅಂಗಡಿಗೆ ಹೋಗಿ ತೂಕ ಸರಿಮಾಡಿಸಿದ್ದು ಬಿಟ್ಟರೆ, ಗಾಡಿ ದೀಪಾವಳಿಯವರೆಗೆ ಅಲುಗಲಿಲ್ಲ. ಬಣ್ಣ ಗಟ್ಟಿಯಾಗಲು ಅಷ್ಟು ಬಿಡುವು ಒಳ್ಳೆಯದೇ. ಹೊಸದಾಗಿ ಕೂರಿಸಿದ ಗಾಲಿಯ ಬೋಲ್ಟನ್ನು ಐವತ್ತು ನೂರು ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ನೋಡಬೇಕಲ್ಲ, ಲೋಣಾವಳದಲ್ಲಿ ನಿಲ್ಲಿಸಿ, ಗಾಲಿ ತಣಿಯುವವರೆಗೆ ಚಹಾ ಕುಡಿದು, ಎದುರುಬದುರಾಗಿ ಒಂದೊಂದನ್ನೇ ಬಿಗಿದೆವು. ಕುರ್ಲಾದ ಗಾಲಿಯಲ್ಲಿ ಒಂದು ಬೋಲ್ಟು ಮಾತ್ರ ತುಸು ತಿರುಗಿತು. ಅಜ್ಜಿ ಕಿಟಕಿಯಿಂದ ತಲೆ ಹಾಕಿ, "ಆಯಿತೇ? ಇನ್ನು ಹೊರಡಿ, ಘಟ್ಟ ಬೆಳಕಿನಲ್ಲೇ ಇಳಿಯಬೇಕು; ರಾತ್ರಿ ಹುಬ್ಬಳ್ಳಿಯಲ್ಲಿ ಉಳಿದರಾಯಿತು" ಎಂದರು.