ಮೆಣಸಿನಕಾಯಿ ಪೇಟೆಯಲ್ಲಿ ಆಟಗಾರರ ರೇಟು

ಬ್ಯಾಡಗಿಯ ಜನಕ್ಕೆ ರೇಟಿನ ವಿಷಯದಲ್ಲಿ ಯಾರೂ ಪಾಠ ಹೇಳಿಕೊಡಬೇಕಾಗಿಲ್ಲ. ಸೋಮವಾರ ಮತ್ತು ಗುರುವಾರ ಮಾರುಕಟ್ಟೆ ಪ್ರಾಂಗಣದಲ್ಲಿ ಮೆಣಸಿನಕಾಯಿ ಚೀಲಗಳು ಸಾಲುಗಟ್ಟಿ ನಿಲ್ಲುತ್ತವೆ. ಹೊಸಬರು ಸೀನುತ್ತಾರೆ, ಊರವರು ಮೂಗೆಳೆದು ಮಾಲು ಹೇಗಿದೆ ಎಂದು ಹೇಳಿಬಿಡುತ್ತಾರೆ. ಖರೀದಿದಾರ ಒಂದು ಹಿಡಿ ಎತ್ತುತ್ತಾನೆ, ಬಣ್ಣ ನೋಡುತ್ತಾನೆ, ತೇವ ಇದೆಯೇ ಎಂದು ಅಂಗೈಯಲ್ಲಿ ಒತ್ತುತ್ತಾನೆ, ಮುಖದಲ್ಲಿ ಏನನ್ನೂ ತೋರಗೊಡದೆ ಮುಂದಿನ ಲಾಟಿಗೆ ನಡೆಯುತ್ತಾನೆ. ಇಂಥ ಊರಿನಲ್ಲಿ ಹುಟ್ಟಿ ಬೆಳೆದವರು ಐಪಿಎಲ್ ಹರಾಜು ನೋಡಲು ಕುಳಿತರೆ ಸುಮ್ಮನಿರುತ್ತಾರೆಯೇ?

ಹರಾಜು ನಡೆಯುವುದು ಐಪಿಎಲ್ ಪಂದ್ಯಗಳಿಲ್ಲದ ದಿನಗಳಲ್ಲಿ. ಆದರೂ ಅಭಿಮಾನಿಗೆ ಅದೇ ನಿಜವಾದ ಸುಗ್ಗಿ. ಯಾಕೆಂದರೆ ಆಗ ಯಾವ ತಂಡವೂ ಇನ್ನೂ ಸೋತಿರುವುದಿಲ್ಲ. ಎಲ್ಲರ ಕಪ್ಪೂ ಎಲ್ಲರ ಕಿಸೆಯಲ್ಲೇ ಇರುತ್ತದೆ.

ಚಹದಂಗಡಿಯ ಬೆಂಚಿನ ಮೇಲೆ ಆಗ ಮೂರು ಪಂಗಡಗಳು ಏಳುತ್ತವೆ. ಮೊದಲನೆಯದು ಅಂಕಿ-ಸಂಖ್ಯೆಯ ಪಂಗಡ. ಇವರು ಕಾಲೇಜಿನ ಹುಡುಗರು. ಪಠ್ಯಪುಸ್ತಕದ ಸೂತ್ರ ಮರೆತರೂ ಯಾವ ಬೌಲರ್ ಕೊನೆಯ ಓವರಿನಲ್ಲಿ ಎಷ್ಟು ರನ್ ಕೊಟ್ಟ ಎಂಬುದನ್ನು ಮರೆಯರು. ಎರಡನೆಯದು ಅಭಿಮಾನದ ಪಂಗಡ. ‘ನಮ್ಮ ಹುಡುಗರು ಎಲ್ಲಿ?’ ಎಂಬುದೊಂದೇ ಇವರ ಪ್ರಶ್ನೆ. ಮೂರನೆಯದು ಹಮಾಲರು, ದಲಾಲಿ ಅಂಗಡಿಯ ಗುಮಾಸ್ತರು ಸೇರಿದ ಪಂಗಡ. ಇವರಿಗೆ ಆಟಗಾರರ ಹೆಸರು ನೆಟ್ಟಗೆ ಬಾರದಿದ್ದರೂ ಹರಾಜು ಮಾತ್ರ ಚೆನ್ನಾಗಿ ಗೊತ್ತು.

2024ರ ನವೆಂಬರ್ 24 ಮತ್ತು 25ರಂದು ಸೌದಿ ಅರೇಬಿಯಾದ ಜೆಡ್ಡಾದಲ್ಲಿ ದೊಡ್ಡ ಹರಾಜು ನಡೆಯಿತು. ಎರಡನೆಯ ದಿನ ಸೋಮವಾರ, ಅಂದರೆ ಬ್ಯಾಡಗಿಯ ಪೇಟೆಯ ದಿನ. ಪ್ರತಿ ತಂಡಕ್ಕೂ 120 ಕೋಟಿ ರೂಪಾಯಿಯ ಮಿತಿ. ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ ವಿರಾಟ್ ಕೊಹ್ಲಿಗೆ 21 ಕೋಟಿ, ರಜತ್ ಪಾಟೀದಾರ್‌ಗೆ 11 ಕೋಟಿ, ಯಶ್ ದಯಾಳ್‌ಗೆ 5 ಕೋಟಿ ಎಂದು ಮೂವರನ್ನು ಮೊದಲೇ ಉಳಿಸಿಕೊಂಡು, 83 ಕೋಟಿ ಹಿಡಿದು ಪೇಟೆಗೆ ಬಂದಿತ್ತು. ಕೆ.ಎಲ್. ರಾಹುಲ್ ಹೆಸರು ಬಂದಾಗ ಎಲ್ಲರ ಎದೆ ಡವಡವ. ಕೊನೆಗೆ 14 ಕೋಟಿಗೆ ಅವರು ದೆಹಲಿಯ ಪಾಲಾದರು. ಪ್ರಸಿದ್ಧ ಕೃಷ್ಣ 9.5 ಕೋಟಿಗೆ ಗುಜರಾತಿಗೆ ಹೋದರು. ಕರುಣ್ ನಾಯರ್ 50 ಲಕ್ಷಕ್ಕೆ ದೆಹಲಿಗೆ. ಮಯಾಂಕ್ ಅಗರವಾಲ್ ಅವರನ್ನು ಕೇಳುವವರೇ ಇರಲಿಲ್ಲ.

ಅಭಿಮಾನದ ಪಂಗಡಕ್ಕೆ ಇದು ಸಹಿಸುವ ಮಾತೇ? ‘ಅಲ್ರೀ ಕಾಕಾ, ಹೆಸರು ಬೆಂಗಳೂರಂತ. ತಂಡದಾಗ ಬೆಂಗಳೂರವರು ಎಲ್ಲಿದಾರ? ಇವರಿಗೇನು ತಲಿ ಕೆಟ್ಟೈತೇನ?’ ಎಂದು ಹುಡುಗನೊಬ್ಬ ಬೆಂಚು ಗುದ್ದುತ್ತಾನೆ. ಬೀಡಿ ಹಚ್ಚುತ್ತಿದ್ದ ಹಿರಿಯ ಹಮಾಲ ಸಾವಕಾಶವಾಗಿ ಕೇಳುತ್ತಾನೆ: ‘ತಮ್ಮಾ, ನಮ್ಮ ಪ್ಯಾಟ್ಯಾಗ ಬರೂ ಕಾಯೆಲ್ಲಾ ಬ್ಯಾಡಗಿ ಹೊಲದಾಗ ಬೆಳದಿದ್ದೇನೋ?’

ಹುಡುಗ ತಬ್ಬಿಬ್ಬು. ಮಾತು ನಿಜ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆದರೆ ಪೇಟೆಗೆ ಮಾಲು ಬರುವುದು ಬಳ್ಳಾರಿ, ರಾಯಚೂರು ಕಡೆಯಿಂದ, ಆಂಧ್ರದಿಂದಲೂ. ಹೆಸರು ಊರಿನದು, ಬೆವರು ಹತ್ತೂರಿನದು. ಆದರೂ ಹುಡುಗ ಸೋಲೊಪ್ಪುವುದಿಲ್ಲ. ‘ಹೌದ್ರೀ, ಆದರ ನಮ್ಮ ಹೊಲದ ಕಾಯಿ ಬಾಗಿಲಿಗೆ ಬಂದಾಗ ಒಂದ್ಸಲ ಮೂಸಿಯಾದ್ರೂ ನೋಡಬೇಕಲ್ರೀ!’ ಈ ಉತ್ತರವೂ ಸರಿಯಾದದ್ದೇ. ಆ ಹರಾಜಿನಲ್ಲಿ ಕರ್ನಾಟಕದ ಪರ ಆಡುವ ದೇವದತ್ತ ಪಡಿಕ್ಕಲ್ 2 ಕೋಟಿಗೆ, ರಾಯಚೂರಿನ ಮನೋಜ್ ಭಾಂಡಗೆ 30 ಲಕ್ಷಕ್ಕೆ ಬೆಂಗಳೂರು ಸೇರಿದರು. ಅಭಿಮಾನದ ಪಂಗಡ ಅಷ್ಟಕ್ಕೇ ತೃಪ್ತಿಪಡಬೇಕಾಯಿತು.

ಅಂಕಿ-ಸಂಖ್ಯೆಯ ಪಂಗಡದ ವಾದ ಬೇರೆ. ಬ್ಯಾಡಗಿ ಕಾಯಿಯ ಗುಣ ಊರಿಗೆಲ್ಲ ಗೊತ್ತು: ಬಣ್ಣ ಹೆಚ್ಚು, ಖಾರ ಕಡಿಮೆ. ಈ ತಂಡವೂ ವರ್ಷಾನುಗಟ್ಟಲೆ ಬಣ್ಣಕ್ಕೇ ದುಡ್ಡು ಸುರಿಯಿತು, ಖಾರಕ್ಕೆ ಸುರಿಯಲಿಲ್ಲ ಎಂಬುದು ಅವರ ಆರೋಪ. 2014ರಲ್ಲಿ ಯುವರಾಜ್ ಸಿಂಗ್‌ಗೆ 14 ಕೋಟಿ ಕೊಟ್ಟು, ಮರುವರ್ಷವೇ ಬಿಟ್ಟುಕೊಟ್ಟಿತು. ಇದೇ ತಂಡದಲ್ಲಿ ವರ್ಷಗಟ್ಟಲೆ ವಿಕೆಟ್ ಕಿತ್ತ ಯಜುವೇಂದ್ರ ಚಾಹಲ್ 2022ರಲ್ಲಿ 6.5 ಕೋಟಿಗೆ ರಾಜಸ್ಥಾನಕ್ಕೆ ಹೋದರು. 2009, 2011, 2016ರಲ್ಲಿ ಫೈನಲ್ ತಲುಪಿ ಮೂರು ಸಲವೂ ಸೋತದ್ದಕ್ಕೆ ಬೌಲಿಂಗೇ ಕಾರಣ ಎಂದು ಹುಡುಗರು ಲೆಕ್ಕ ಒಪ್ಪಿಸುತ್ತಾರೆ. ಆದ್ದರಿಂದ ಜೆಡ್ಡಾದಲ್ಲಿ ಜೋಶ್ ಹೇಜಲ್‌ವುಡ್‌ಗೆ 12.5 ಕೋಟಿ, ಭುವನೇಶ್ವರ್ ಕುಮಾರ್‌ಗೆ 10.75 ಕೋಟಿ ಕೊಟ್ಟಾಗ, ‘ಈ ಸಲ ಖಾರಾ ತಗೊಂಡಾರ’ ಎಂದು ಅವರು ಚಹಾ ತರಿಸಿದರು.

ಇಲ್ಲಿ ಗುಮಾಸ್ತರೊಬ್ಬರು ಬಾಯಿ ಹಾಕುತ್ತಾರೆ. ಅವರ ಮಾತು ಅರ್ಥಶಾಸ್ತ್ರ ಓದುವ ಹುಡುಗರು ಬರೆದಿಟ್ಟುಕೊಳ್ಳುವಂಥದ್ದು. ಬ್ಯಾಡಗಿಯಲ್ಲಿ ನಡೆಯುವುದು ಟೆಂಡರ್. ಒಂದು ಲಾಟಿಗೆ ಯಾರು ಎಷ್ಟು ನಮೂದಿಸಿದರು ಎಂಬುದು ಫಲಿತಾಂಶ ಹೊರಬೀಳುವವರೆಗೆ ಇನ್ನೊಬ್ಬರಿಗೆ ತಿಳಿಯದು. ಆಸೆ ಹೆಚ್ಚಾಗಿ ಜಾಸ್ತಿ ಬರೆದವನು ಆ ದುಡ್ಡನ್ನೇ ಕೊಡಬೇಕು, ಎರಡನೆಯವನು ಎಷ್ಟೇ ಕೆಳಗಿದ್ದರೂ. ಜೆಡ್ಡಾದ್ದು ಹಾಗಲ್ಲ, ಅದು ಕೈಯೆತ್ತಿ ಕೂಗುವ ಬಹಿರಂಗ ಹರಾಜು. ಅಲ್ಲಿ ಎರಡನೆಯವನು ಎಲ್ಲಿ ಸುಸ್ತಾಗುತ್ತಾನೋ ಅದರ ಒಂದು ಮೆಟ್ಟಿಲು ಮೇಲೆ ರೇಟು ನಿಲ್ಲುತ್ತದೆ. ‘ಅಂದ ಮ್ಯಾಲ ಹದಿನಾಲ್ಕು ಕೋಟಿ ಅನ್ನೂದು ಆ ಆಟಗಾರನ ಕಿಮ್ಮತ್ತಲ್ಲ, ಸೋತು ಕೈ ಇಳಿಸಿದಾವನ ಹಟದ ಕಿಮ್ಮತ್ತು’ ಎಂದು ಅವರು ತೀರ್ಪು ಕೊಟ್ಟುಬಿಡುತ್ತಾರೆ.

ಅವರ ತೀರ್ಪಿಗೆ ದಾಖಲೆಗಳೂ ಸಾಕ್ಷಿ ಹೇಳುತ್ತವೆ. 2011ರ ಹರಾಜಿನಲ್ಲಿ ಕ್ರಿಸ್ ಗೇಲ್ ಅವರನ್ನು ಯಾರೂ ಕೊಳ್ಳಲಿಲ್ಲ. ಗಾಯಗೊಂಡ ಡರ್ಕ್ ನ್ಯಾನಸ್ ಬದಲಿಗೆ ನಡುವೆ ಬಂದು ಸೇರಿಕೊಂಡ ಅದೇ ಮನುಷ್ಯ ಆ ವರ್ಷ 608 ರನ್ ಹೊಡೆದು ಎಲ್ಲರಿಗಿಂತ ಮೇಲೆ ನಿಂತರು. 2013ರಲ್ಲಿ ಪುಣೆಯ ವಿರುದ್ಧ ಔಟಾಗದೆ 175 ಬಾರಿಸಿದರು. ಶ್ರೇಯಾಂಕಾ ಪಾಟೀಲ್ ಮಹಿಳೆಯರ ಮೊದಲ ಹರಾಜಿನಲ್ಲಿ, 2023ರಲ್ಲಿ, ಬೆಂಗಳೂರು ತಂಡಕ್ಕೆ ಸಿಕ್ಕಿದ್ದು 10 ಲಕ್ಷಕ್ಕೆ. 2024ರ ಫೈನಲ್‌ನಲ್ಲಿ 12 ರನ್ನಿಗೆ 4 ವಿಕೆಟ್ ಪಡೆದು ಬೆಂಗಳೂರಿನ ಮೊದಲ ಕಪ್ಪಿಗೆ ಕಾರಣರಾದವರಲ್ಲಿ ಆ ಹುಡುಗಿಯೂ ಒಬ್ಬಳು. ಬೆಂಚಿನ ಗಂಡಸರು ಪುರುಷರ ಕಪ್ಪಿಗಾಗಿ ಹದಿನೇಳು ವರ್ಷ ಗಂಟಲು ಹರಿದುಕೊಳ್ಳುತ್ತಿದ್ದಾಗ, ಹೆಣ್ಣುಮಕ್ಕಳು ಎರಡನೆಯ ಯತ್ನದಲ್ಲೇ ತಂದುಕೊಟ್ಟರು.

ರೇಟಿನ ಇನ್ನೊಂದು ಮುಖವನ್ನು ಬ್ಯಾಡಗಿ ನೋವಿನಿಂದ ಕಂಡಿದೆ. 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಕುಸಿಯಿತೆಂದು ರೈತರ ಸಿಟ್ಟು ಸಿಡಿದು, ಮಾರುಕಟ್ಟೆ ಸಮಿತಿಯ ಕಚೇರಿಗೆ ಕಲ್ಲು ಬಿತ್ತು, ವಾಹನಗಳು ಸುಟ್ಟವು. ವರ್ಷವಿಡೀ ದುಡಿದವನ ಬದುಕನ್ನು ಇನ್ನಾರೋ ಬರೆದ ಒಂದು ಅಂಕಿ ತೀರ್ಮಾನಿಸಿದರೆ ಏನಾಗುತ್ತದೆ ಎಂಬುದು ಊರಿಗೆ ಗೊತ್ತಿದೆ. ಆದರೂ ರೇಟು ಒಗ್ಗದಿದ್ದರೆ ರೈತ ‘ಒಲ್ಲೆ’ ಎನ್ನಬಹುದು. ಚೀಲಗಳನ್ನು ಕೋಲ್ಡ್ ಸ್ಟೋರೇಜಿನಲ್ಲಿಟ್ಟು ಕಾಯಬಹುದು, ಸಾಲ ಕಾಯಲು ಬಿಟ್ಟರೆ. ಹರಾಜಿಗೆ ಹೆಸರು ಕೊಟ್ಟ ಆಟಗಾರನಿಗೆ ತಂಡವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ. ಯಾರು ಕೊನೆಗೆ ಕೈಯೆತ್ತುತ್ತಾರೋ ಆ ಊರಿಗೆ ಹೋಗಬೇಕು.

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಬೆಂಗಳೂರು ಪಂಜಾಬನ್ನು 6 ರನ್ನುಗಳಿಂದ ಸೋಲಿಸಿ ಕೊನೆಗೂ ಕಪ್ ಗೆದ್ದಿತು. ಬೆಂಚಿನ ಮೂರು ಪಂಗಡಗಳೂ ‘ನಾ ಹೇಳಿರಲಿಲ್ಲೇನು?’ ಎಂದವು. ಹೇಜಲ್‌ವುಡ್ ಆ ವರ್ಷ 22 ವಿಕೆಟ್ ಕಿತ್ತಿದ್ದರು, ಖಾರದವರು ಗೆದ್ದರು. ಆದರೆ ಫೈನಲ್‌ನ ಪಂದ್ಯಶ್ರೇಷ್ಠ 5.75 ಕೋಟಿಯ ಕೃಣಾಲ್ ಪಾಂಡ್ಯ. ಒಂದೂವರೆ ಕೋಟಿಯ ರೊಮಾರಿಯೊ ಶೆಫರ್ಡ್ ಚೆನ್ನೈ ವಿರುದ್ಧ 14 ಎಸೆತದಲ್ಲಿ 53 ಹೊಡೆದಿದ್ದರು, 8.75 ಕೋಟಿಯ ಲಿವಿಂಗ್‌ಸ್ಟನ್ ಅವರನ್ನು ತಂಡ ಮುಂದಿನ ವರ್ಷಕ್ಕೆ ಉಳಿಸಿಕೊಳ್ಳಲೇ ಇಲ್ಲ.

ಮರುದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಹೆಚ್ಚಿನವರು ಎಳೆಯರು, ಇದೇ ಬೆಂಚಿನ ಮೇಲೆ ಕೂರುವ ವಯಸ್ಸಿನವರು. ಕೋಟಿಗಳ ಮಾತು ಗಂಟಲಲ್ಲೇ ನಿಂತಿತು. ಅಂದು ರಾತ್ರಿ ಎಷ್ಟೋ ಮನೆಗಳಲ್ಲಿ ತಂದೆ-ತಾಯಿ ಬೆಂಗಳೂರಿನಲ್ಲಿ ಓದುವ ಮಕ್ಕಳ ಮೊಬೈಲಿಗೆ ಮತ್ತೆ ಮತ್ತೆ ಫೋನು ಮಾಡಿದರು. ದನಿ ಕೇಳಿದರೆ ಸಾಕಿತ್ತು. ಆ ಹೊತ್ತು ಯಾರೂ ‘ಪರೀಕ್ಷೆ ಹೆಂಗಾತು?’ ಎಂದು ಕೇಳಲಿಲ್ಲ.

ಆದರೆ ಅದೇ ಮನೆಗಳು ಪಿಯುಸಿ ಫಲಿತಾಂಶದ ದಿನ ಬೇರೆಯಾಗುತ್ತವೆ. ‘ನಮ್ಮಾವಂದು ತೊಂಬತ್ತೈದು, ನಿಮ್ಮಾವಂದು?’ ಎಂಬ ಕೂಗು ಓಣಿಯಿಂದ ಓಣಿಗೆ ಹಾರುತ್ತದೆ. ಅಂಕ ಕಡಿಮೆ ಬಂದ ಹುಡುಗ ಯಾರೂ ಕೈಯೆತ್ತದ ಲಾಟಿನಂತೆ ಮೂಲೆಯಲ್ಲಿ ಕೂರುತ್ತಾನೆ. ಹರಾಜಿನ ಚರ್ಚೆಯಲ್ಲಿ ‘ರೇಟು ಬ್ಯಾರೆ, ಆಟ ಬ್ಯಾರೆ’ ಎಂದು ಒಪ್ಪಿದ ತಂದೆ, ಮನೆಯಲ್ಲಿ ಅದನ್ನು ಮರೆತುಬಿಡುತ್ತಾನೆ. ಹುಡುಗನೂ ಅಷ್ಟೇ: ಗೇಲ್ ಕತೆಯನ್ನು ನೂರು ಸಲ ಹೇಳಿದವನು ತನ್ನ ಪಾಳಿ ಬಂದಾಗ ಅದನ್ನು ನೆನೆಯುವುದಿಲ್ಲ. ಕರೆ ಬಂದಾಗ ಗೇಲ್ ಆಡಲು ಸಿದ್ಧವಿದ್ದರು ಎಂಬುದನ್ನೂ ನೆನೆಯುವುದಿಲ್ಲ.

ಆದ್ದರಿಂದ ಹರಾಜಿನ ಚರ್ಚೆ ನಡೆಯಲಿ. ಅದರಲ್ಲಿ ಗಣಿತವಿದೆ, ವ್ಯಾಪಾರವಿದೆ, ಎದುರಾಳಿಯ ಮಾತಿಗೆ ಮಾತಿನಿಂದಲೇ ಉತ್ತರ ಕೊಡುವ ರೂಢಿಯಿದೆ. ಮನೆಯವರೂ ಒಂದು ದಿನ ಬೆಂಚಿಗೆ ಬಂದು ಕೂರಲಿ. ರೇಟು ಹೇಗೆ ಹುಟ್ಟುತ್ತದೆ ಎಂಬುದನ್ನು ಅಲ್ಲಿ ಕಲಿತವರು ಮನೆಗೆ ಹೋಗಿ ಮಕ್ಕಳಿಗೆ ರೇಟು ಕಟ್ಟಲು ತುಸು ಹಿಂಜರಿದಾರು. ಅಷ್ಟಕ್ಕೂ ಈ ಸೀಮೆಯ ರೈತರಿಗೆ ಹಳೆಯದೊಂದು ಪದ್ಧತಿಯಿದೆ. ಚೀಲ ತುಂಬುವ ಮೊದಲೇ ಒಳ್ಳೆಯ ಕಾಯಿಗಳನ್ನು ಆರಿಸಿ ಬೀಜಕ್ಕೆಂದು ಎತ್ತಿಡುತ್ತಾರೆ. ಅವು ಪೇಟೆಗೆ ಬರುವುದೇ ಇಲ್ಲ.