ಏಳೂ ಕಾಲು ನಂಬರಿನ ತಲೆ

ಕೌಬಾಯ್ ಹ್ಯಾಟು ಹಾಕಿಕೊಳ್ಳಲು ತಲೆಯೊಂದಿದ್ದರೆ ಸಾಲದು, ಎದೆಯೂ ಬೇಕು. ಉಳಿದ ಟೋಪಿಗಳಿಗಾದರೆ ಬಿಸಿಲಿಗೆ, ಚಳಿಗೆ, ಕೂದಲು ಉದುರಿದ್ದಕ್ಕೆ ಎಂದು ಏನಾದರೊಂದು ಸಬೂಬು ಸಿಗುತ್ತದೆ. ನಾಲ್ಕಂಗುಲ ಅಂಚು ಚಾಚಿಕೊಂಡು, ನೆತ್ತಿಯಲ್ಲಿ ಮೂರು ತಗ್ಗು ಬಿಟ್ಟುಕೊಂಡು ಕೂತ ಈ ಹ್ಯಾಟಿನ ಕೆಳಗೆ ಯಾವ ಸಬೂಬೂ ನಡೆಯುವುದಿಲ್ಲ. ಹಾಕಿಕೊಂಡವನು ಆಸೆಪಟ್ಟೇ ಹಾಕಿಕೊಂಡಿದ್ದಾನೆ ಎಂದು ದಾರಿಯಲ್ಲಿ ಹೋಗುವವರಿಗೆಲ್ಲ ತಿಳಿದುಹೋಗುತ್ತದೆ. ಅದರಲ್ಲೂ ಕನ್ನಡಕ ಹಾಕಿದ, ಐದಡಿ ನಾಲ್ಕಂಗುಲದ, ಕುದುರೆಯನ್ನು ಮದುವೆ ಮೆರವಣಿಗೆಯಲ್ಲಿ ಬಿಟ್ಟರೆ ಇನ್ನೆಲ್ಲೂ ಹತ್ತಿರದಿಂದ ಕಾಣದ ನನ್ನಂಥವನು ಹಾಕಿಕೊಂಡರೆ ಕೇಳುವುದೇ ಬೇಡ.

ಆದರೆ ಆಸೆ ಹಳೆಯದು. ತೆಲುಗಿನ ಕೃಷ್ಣ 1971ರಲ್ಲಿ 'ಮೋಸಗಾಳ್ಳಕು ಮೋಸಗಾಡು' ಚಿತ್ರದಲ್ಲಿ ಕೌಬಾಯ್ ಆದರು. ಎರಡೇ ವರ್ಷಕ್ಕೆ ನಮ್ಮ ದ್ವಾರಕೀಶ್ 'ಕೌಬಾಯ್ ಕುಳ್ಳ' ಆದರು. ಈ ವೇಷಕ್ಕೆ ಎತ್ತರ ಅಡ್ಡಿಯಲ್ಲ ಎಂಬ ಧೈರ್ಯ ನನಗೆ ಬಂದದ್ದು ಆ ಕುಳ್ಳನಿಂದಲೇ. ಹಾಗಾಗಿ ಡಲ್ಲಾಸ್ ಪಕ್ಕದ ಇರ್ವಿಂಗ್‌ನಲ್ಲಿರುವ ತಂಗಿಯ ಮಗಳು, "ಮಾವ, ಟೆಕ್ಸಸ್‌ನಲ್ಲಿ ಏನೇನು ನೋಡಬೇಕು ಹೇಳಿ" ಎಂದಾಗ ನಾನು ನೋಡುವ ಮಾತೇ ಎತ್ತಲಿಲ್ಲ. ಕೊಳ್ಳುವ ಮಾತೆತ್ತಿದೆ.

ಅದಕ್ಕೆ ತಕ್ಕ ಊರೆಂದರೆ ಫೋರ್ಟ್ ವರ್ತ್. ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ಟೆಕ್ಸಸ್ಸಿನ ದನಗಳನ್ನು ಚಿಸಮ್ ಟ್ರೇಲ್ ಎಂಬ ಜಾಡು ಹಿಡಿದು ಕ್ಯಾನ್ಸಸ್‌ನ ರೈಲ್ವೆ ಊರುಗಳಿಗೆ ಹೊಡೆದುಕೊಂಡು ಹೋಗುತ್ತಿದ್ದವರು ಇಲ್ಲಿ ತಂಗುತ್ತಿದ್ದರು. 1876ರಲ್ಲಿ ಇಲ್ಲಿಗೇ ರೈಲು ಬಂತು. ಆಮೇಲೆ ದನದ ದೊಡ್ಡಿಗಳು ಎದ್ದವು, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಸ್ವಿಫ್ಟ್ ಮತ್ತು ಆರ್ಮರ್ ಕಂಪನಿಗಳ ಮಾಂಸದ ಕಾರ್ಖಾನೆಗಳು ಬಂದವು. ಆ ವ್ಯಾಪಾರವೆಲ್ಲ ಮುಗಿದುಹೋಗಿ ಈಗ ಸ್ಟಾಕ್‌ಯಾರ್ಡ್ಸ್ ಎಂಬ ಹಳೆಯ ಪೇಟೆ ಉಳಿದುಕೊಂಡಿದೆ. ಅಲ್ಲಿನ ಎಕ್ಸ್‌ಚೇಂಜ್ ಅವೆನ್ಯೂ ಬೀದಿಯಲ್ಲಿ ದಿನಕ್ಕೆ ಎರಡು ಸಲ, ಬೆಳಗ್ಗೆ ಹನ್ನೊಂದೂವರೆಗೆ ಮತ್ತು ಸಂಜೆ ನಾಲ್ಕಕ್ಕೆ, ಲಾಂಗ್‌ಹಾರ್ನ್ ದನಗಳ ಮಂದೆ ಹೊರಡುತ್ತದೆ. ಕೊಂಬಿನ ತುದಿಯಿಂದ ತುದಿಗೆ ಆಳುದ್ದ. ಹಿಂದೆ ಮುಂದೆ ಕುದುರೆ ಸವಾರರು. ಎರಡೂ ಪಕ್ಕದಲ್ಲಿ ನಮ್ಮಂಥವರು, ಫೋನು ಎತ್ತಿಕೊಂಡು.

ದನಗಳಿಗಿಂತ ನಾನು ಹೆಚ್ಚು ನೋಡಿದ್ದು ಸವಾರರ ಹ್ಯಾಟುಗಳನ್ನು. ಪಟ್ಟಿಯ ಮೇಲಕ್ಕೆ ಬೆವರು ಏರಿ ಉಪ್ಪಿನ ಗೆರೆ ಬಿಟ್ಟಿತ್ತು, ಬೆರಳು ಹಿಡಿದೂ ಹಿಡಿದೂ ಅಂಚು ಒಂದೇ ಕಡೆ ಕಪ್ಪಾಗಿತ್ತು. ಪಕ್ಕದಲ್ಲಿ ನಿಂತ ಸ್ಥಳೀಯರಲ್ಲಿ ಮುಕ್ಕಾಲು ಪಾಲು ಜನ ಬೇಸ್‌ಬಾಲ್ ಟೋಪಿಯಲ್ಲಿದ್ದರು. ಹೊಚ್ಚಹೊಸ ಹ್ಯಾಟುಗಳೆಲ್ಲ ಪ್ರವಾಸಿಗಳ ತಲೆ ಮೇಲಿದ್ದವು. ಇವತ್ತು ಆ ಗುಂಪಿಗೆ ಒಂದು ತಲೆ ಹೆಚ್ಚಲಿದೆ ಎಂದುಕೊಂಡು ಅಂಗಡಿ ಹೊಕ್ಕೆ.

ಹ್ಯಾಟಿನಂಗಡಿಯಲ್ಲಿ ಮೊದಲು ಕೇಳುವುದು ಬಣ್ಣವನ್ನಲ್ಲ, ಕಾಲವನ್ನು. ಬೇಸಿಗೆಗೆ ಹುಲ್ಲಿನ ಹ್ಯಾಟು, ಉಳಿದ ಕಾಲಕ್ಕೆ ಫೆಲ್ಟ್. ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ಬಂತೆಂದರೆ ಹುಲ್ಲು ಒಳಗೆ, ಫೆಲ್ಟ್ ಹೊರಗೆ. ವಸಂತದಲ್ಲಿ ಮತ್ತೆ ಅದಲು ಬದಲು. ನಾನು ಹೋದದ್ದು ಅಕ್ಟೋಬರಿನಲ್ಲಿ. ಹೊರಗೆ ಬೆವರು ಸುರಿಯುತ್ತಿದ್ದರೂ ಶಾಸ್ತ್ರಪ್ರಕಾರ ನನಗೆ ಫೆಲ್ಟಿನ ಯೋಗ.

ಫೆಲ್ಟ್ ಎಂಬುದು ನೆಯ್ದ ಬಟ್ಟೆಯಲ್ಲ. ಮೊಲದ ಅಥವಾ ಬೀವರ್ ಎಂಬ ನೀರುಪ್ರಾಣಿಯ ಒಳತುಪ್ಪಳವನ್ನು ಬಿಸಿನೀರು, ಹಬೆ, ಒತ್ತಡಗಳಲ್ಲಿ ಹಾಯಿಸಿದರೆ ಕೂದಲಿನ ಮೇಲಿನ ಸೂಕ್ಷ್ಮ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಿಡಿಸಲಾಗದ ಹಾಳೆಯಾಗುತ್ತದೆ. ಮೊದಲು ದೊಡ್ಡದೊಂದು ಶಂಕುವಿನಾಕಾರ ಮಾಡಿಕೊಂಡು ಅದನ್ನು ಕುಗ್ಗಿಸಿ ಕುಗ್ಗಿಸಿ ತಲೆಯಳತೆಗೆ ತರುತ್ತಾರೆ. ಬೀವರ್ ಹೆಚ್ಚಿದಷ್ಟೂ ಹ್ಯಾಟು ನಯ, ಗಟ್ಟಿ, ದುಬಾರಿ. ಒಳಪಟ್ಟಿಯ ಮೇಲೆ ಅಚ್ಚೊತ್ತಿದ ಎಕ್ಸ್ ಗುರುತುಗಳು ಆ ಗುಣಮಟ್ಟವನ್ನು ಹೇಳುತ್ತವೆ, ಆದರೆ ಒಂದು ಕಂಪನಿಯ ಎಕ್ಸ್ ಇನ್ನೊಂದರ ಎಕ್ಸ್‌ಗೆ ಸಮವಲ್ಲ. ನೂರು ಎಕ್ಸಿನ ಹ್ಯಾಟಿಗೆ ಸಾವಿರ ಡಾಲರ್ ದಾಟುತ್ತದೆ. ಅದನ್ನು ಮುಟ್ಟಿ ನೋಡಿ, ಮುಟ್ಟಿದ ಸುಖವನ್ನೇ ಪ್ರಸಾದವೆಂದು ಸ್ವೀಕರಿಸಿ, ಕೆಳಗಿನ ಅಟ್ಟಣಿಗೆಗೆ ಇಳಿದೆ.

ಅಂಗಡಿಯಲ್ಲಿದ್ದ ಹಿರಿಯ ಹೆಂಗಸು ಟೇಪು ತಂದು ಹುಬ್ಬಿನ ಮೇಲೆ ಸುತ್ತಿದರು. "ಏಳೂ ಕಾಲು, ಸರ್." ತಲೆಯ ಸುತ್ತಳತೆಯನ್ನು ಅಂಗುಲದಲ್ಲಿ ತೆಗೆದುಕೊಂಡು ಪೈಯಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಅಮೆರಿಕದ ಹ್ಯಾಟಿನ ನಂಬರು. ಇಪ್ಪತ್ತೆರಡೂ ಮುಕ್ಕಾಲು ಅಂಗುಲದ ನನ್ನ ತಲೆ ಹೀಗೆ ಏಳೂ ಕಾಲಾಯಿತು. ಹೈಸ್ಕೂಲಿನಲ್ಲಿ ಕಲಿತ ಪೈ ಕೊನೆಗೂ ನನ್ನ ತಲೆಯ ಪ್ರಯೋಜನಕ್ಕೆ ಬಂದದ್ದು ಅಂದೇ. ಆಮೇಲೆ ಆಕೆ ಕನ್‌ಫಾರ್ಮೇಟರ್ ಎಂಬ ಯಂತ್ರ ತೆಗೆದರು. ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನ ಕಲ್ಪನೆ ಅದು. ತಲೆಯ ಮೇಲಿಟ್ಟರೆ ಸುತ್ತಲಿನ ಕಡ್ಡಿಗಳು ತಲೆಯ ಉಬ್ಬು ತಗ್ಗುಗಳಿಗೆ ತಕ್ಕ ಹಾಗೆ ಸರಿದು, ಮೇಲಿನ ಚೀಟಿಗೆ ಮುಳ್ಳು ಚುಚ್ಚಿ ಚಿಕ್ಕದೊಂದು ನಕ್ಷೆ ಮಾಡಿಕೊಡುತ್ತವೆ. ನನ್ನ ತಲೆ ಗುಂಡಗಿಲ್ಲ, ಹಿಂದೆ ಉದ್ದ, ಎಡಗಡೆ ಒಂದಿಷ್ಟು ಉಬ್ಬು ಎಂಬ ಸತ್ಯ ಅರವತ್ತರ ಹತ್ತಿರದಲ್ಲಿ ತಿಳಿಯಿತು. ಇಷ್ಟು ಕಾಲ ಜೊತೆಗಿದ್ದ ಹೆಂಡತಿಯೂ ಇದನ್ನು ಹೇಳಿರಲಿಲ್ಲ.

ಈ ಕಸುಬಿನ ಸೊಗಸಿರುವುದು ಮುಂದಿನ ಹದಿನೈದು ನಿಮಿಷದಲ್ಲಿ. ಹಬೆ ಬುಸುಗುಡುವ ಕೊಳವೆಯ ಮೇಲೆ ಹ್ಯಾಟು ಹಿಡಿದರೆ ಹಲಗೆಯಂತಿದ್ದ ಫೆಲ್ಟ್ ಮೆತ್ತಗಾಗುತ್ತದೆ. ಅದು ಆರುವುದರೊಳಗೆ ಬೆರಳು ಕೆಲಸ ಮುಗಿಸಬೇಕು. ನೆತ್ತಿಯ ನಡುವೆ ಉದ್ದಕ್ಕೊಂದು ತಗ್ಗು, ಪಕ್ಕಕ್ಕೆರಡು: ಇದು ಕ್ಯಾಟಲ್‌ಮನ್, ಎಲ್ಲೆಲ್ಲೂ ಕಾಣುವ ಮಾದರಿ. ಮುಂದಕ್ಕೆ ಜಾರಿದ ಗಸ್ ಎಂಬ ಇನ್ನೊಂದಿದೆ. 1989ರ 'ಲೋನ್‌ಸಮ್ ಡವ್' ಟೀವಿ ಸರಣಿಯಲ್ಲಿ ರಾಬರ್ಟ್ ಡುವಾಲ್ ಮಾಡಿದ ಗಸ್ ಪಾತ್ರದ ಹೆಸರೇ ಅದಕ್ಕೆ. ಆಕೆ ನನ್ನ ಮುಖವನ್ನು ನೋಡಿ, ಹ್ಯಾಟು ನೋಡಿ, ಮತ್ತೆ ಮುಖ ನೋಡಿ, "ನಿಮಗೆ ಅಂಚು ಅರ್ಧ ಅಂಗುಲ ಕಡಿಮೆ ಮಾಡೋಣ, ಪಕ್ಕ ಜಾಸ್ತಿ ಮಡಚುವುದು ಬೇಡ" ಎಂದರು. ಕುಳ್ಳಗಿದ್ದೀರಿ ಎಂಬುದನ್ನು ಇದಕ್ಕಿಂತ ಮರ್ಯಾದೆಯಾಗಿ ನನಗೆ ಯಾರೂ ಹೇಳಿಲ್ಲ. ಹಬೆಯ ಬಿಸಿ ಇನ್ನೂ ಆರದ ಹ್ಯಾಟನ್ನು ತಲೆಗಿಟ್ಟಾಗ ಒಳಪಟ್ಟಿಯ ಚರ್ಮ ಹಣೆಯ ಸುತ್ತ ಒಂದೇ ಸಮನೆ ಕೂತಿತು. ಬಿಗಿಯೂ ಇಲ್ಲ, ಸಡಿಲವೂ ಇಲ್ಲ. ತಂಗಿಯ ಮಗಳು ನಗಲು ಸಿದ್ಧವಾಗಿ ನಿಂತಿದ್ದವಳು, "ಅಯ್ಯೋ ಮಾವ, ಒಪ್ಪುತ್ತೆ ಕಣ್ರೀ!" ಎಂದಳು. ಅವಳ ದನಿಯಲ್ಲಿ ಸ್ವಲ್ಪ ನಿರಾಶೆಯೂ ಇತ್ತು.

ಈ ತಗ್ಗುಗಳನ್ನು ಯಾವ ಕಂಪನಿಯೂ ಮೊದಲು ಮಾಡಿ ಕೊಟ್ಟದ್ದಲ್ಲ. ನ್ಯೂಜೆರ್ಸಿಯ ಹ್ಯಾಟುಗಾರನ ಮಗ ಜಾನ್ ಬಿ. ಸ್ಟೆಟ್ಸನ್ ಕ್ಷಯದ ಕಾಟದಿಂದ ಪಶ್ಚಿಮಕ್ಕೆ ಹೋಗಿ, ಅಲ್ಲಿನ ಬಿಸಿಲು ಮಳೆ ಕಂಡು, ಫಿಲಡೆಲ್ಫಿಯಾಕ್ಕೆ ಬಂದು 1865ರಲ್ಲಿ ಅಂಗಡಿ ತೆರೆದ. ಅವನ 'ಬಾಸ್ ಆಫ್ ದಿ ಪ್ಲೇನ್ಸ್' ಹ್ಯಾಟಿಗೆ ನೆತ್ತಿ ನುಣ್ಣಗೆ, ಅಂಚು ಚಪ್ಪಟೆ. ತಗ್ಗು ಮಡಿಕೆಗಳೆಲ್ಲ ಹಾಕಿಕೊಂಡವರ ಕೈ ಬಿದ್ದು ಬಿದ್ದು ಹುಟ್ಟಿದವು. ಸ್ಟೆಟ್ಸನ್ ಹ್ಯಾಟಿನ ಒಳಗಿನ ಅಸ್ತರಿನಲ್ಲಿ ಒಂದು ಚಿತ್ರವಿದೆ: ಸವಾರನೊಬ್ಬ ತನ್ನ ಹ್ಯಾಟಿನಲ್ಲಿ ನೀರು ಹಿಡಿದು ಕುದುರೆಗೆ ಕುಡಿಸುತ್ತಿದ್ದಾನೆ. ನಾನು ಅದರಲ್ಲಿ ನೀರು ಹಾಕಿ ಪರೀಕ್ಷಿಸಲಿಲ್ಲ. ಕೊಟ್ಟ ಹಣ ನೆನಪಿತ್ತು.

ಬೂಟಿನದು ಬೇರೆಯೇ ವ್ಯವಹಾರ. ಹ್ಯಾಟಿಗೆ ಕನ್ನಡಿ ಬೇಕು, ಬೂಟಿಗೆ ಕಿವಿ ಬೇಕು. ಎರಡು ಕಡೆಯ ಪಟ್ಟಿಗೆ ಬೆರಳು ಸಿಕ್ಕಿಸಿ ಮೇಲಕ್ಕೆಳೆದಾಗ ಪಾದ ಒಳಗೆ ಇಳಿದು 'ಧಪ್' ಎಂಬ ಒಂದು ಸದ್ದು ಬರಬೇಕು. ಸದ್ದಿಲ್ಲದೆ ಇಳಿದರೆ ದೊಡ್ಡದು, ಇಳಿಯದಿದ್ದರೆ ಚಿಕ್ಕದು. ಲೇಸಿಲ್ಲದ ಈ ಬೂಟನ್ನು ಹಿಡಿದು ನಿಲ್ಲಿಸುವುದು ಪಾದದ ಮೇಲಿನ ಏರಿನ ಬಿಗಿಯೊಂದೇ. ಹೊಸದರಲ್ಲಿ ಹಿಮ್ಮಡಿ ಕಾಲಂಗುಲ ಮೇಲೇಳುತ್ತದೆ. ಅಟ್ಟೆ ಬಾಗುವುದನ್ನು ಕಲಿತ ಮೇಲೆ ಅದೂ ನಿಲ್ಲುತ್ತದೆ. ಅಥಣಿಯ ಚಪ್ಪಲಿ ಎಣ್ಣೆ ಕುಡಿದು, ನಾಲ್ಕು ದಿನ ಕಚ್ಚಿ, ಆಮೇಲೆ ಕಾಲಿನದೇ ಆಗಿಬಿಡುವ ಹಾಗೆ ಇದೂ ಪಳಗಬೇಕಾದ ಪ್ರಾಣಿ.

ಇದರ ಒಂದೊಂದು ಅಂಗಕ್ಕೂ ಕುದುರೆಯೇ ಕಾರಣ. ಎತ್ತರದ ಹಿಮ್ಮಡಿ ಪಾದ ರಿಕಾಪಿನೊಳಗೆ ಪೂರಾ ತೂರಿಹೋಗದಂತೆ ತಡೆಯುತ್ತದೆ. ಚೂಪು ಮೂತಿ, ನುಣುಪು ಅಟ್ಟೆ ಪಾದವನ್ನು ರಿಕಾಪಿಗೆ ಬೇಗ ಸೇರಿಸುತ್ತವೆ. ಲೇಸಿಲ್ಲದ್ದರಿಂದ ಬಿದ್ದ ಸವಾರ ಸಿಕ್ಕಿಕೊಂಡು ಎಳೆದಾಡಿಸಿಕೊಳ್ಳದೆ ಕಾಲು ಕಿತ್ತುಕೊಳ್ಳಬಹುದು. ಮೀನಖಂಡದವರೆಗಿನ ಚರ್ಮ ಮುಳ್ಳುಪೊದೆಗೆ ಗುರಾಣಿ. ಕುದುರೆಯಿಲ್ಲದ ನನಗೆ ಉಳಿದದ್ದು ಹಿಮ್ಮಡಿಯ ಒಂದೂವರೆ ಅಂಗುಲ ಎತ್ತರ. ಅದನ್ನು ನಾನು ಕೃತಜ್ಞತೆಯಿಂದಲೇ ಸ್ವೀಕರಿಸಿದೆ.

ಚರ್ಮಗಳ ಸಾಲಿನಲ್ಲಿ ಆಸ್ಟ್ರಿಚ್, ಮೊಸಳೆ, ಹೆಬ್ಬಾವುಗಳೂ ಇದ್ದವು. ವನ್ಯಜೀವಿ ಕಾನೂನಿನ ಕಾಗದಪತ್ರಗಳಿಲ್ಲದೆ ಮೊಸಳೆ, ಹೆಬ್ಬಾವಿನ ಜೊತೆ ವಿಮಾನ ಹತ್ತುವ ಉಸಾಬರಿ ಬೇಡವೆಂದು ಸಾದಾ ಕಂದು ಬೂಟು ಹಿಡಿದೆ. ಫೋರ್ಟ್ ವರ್ತ್‌ನಲ್ಲಿ ಬೂಟು ಎಂದರೆ ಜಸ್ಟಿನ್ ಮನೆತನದ ಕತೆ ಬಂದೇ ಬರುತ್ತದೆ. ಎಚ್. ಜೆ. ಜಸ್ಟಿನ್ 1879ರಲ್ಲಿ ಸ್ಪ್ಯಾನಿಷ್ ಫೋರ್ಟ್ ಎಂಬಲ್ಲಿ, ದನದ ಜಾಡಿನ ಪಕ್ಕದಲ್ಲೇ ಹೊಲಿಯಲು ಕೂತ. ರೈಲು ಬಂದಾಗ ನೊಕೋನಾ ಊರಿಗೆ ಹೋದ. ಅವನು ತೀರಿಕೊಂಡ ಮೇಲೆ ಗಂಡುಮಕ್ಕಳು 1925ರಲ್ಲಿ ಕಾರ್ಖಾನೆಯನ್ನು ಫೋರ್ಟ್ ವರ್ತ್‌ಗೆ ತಂದರು. ಮಗಳು ಎನಿಡ್ ಮಾತ್ರ ಬರಲಿಲ್ಲ. ಅಪ್ಪನ ಊರಲ್ಲೇ ನಿಂತು, ಅದೇ ವರ್ಷ ನೊಕೋನಾ ಬೂಟ್ ಕಂಪನಿ ಕಟ್ಟಿ, ಅಣ್ಣತಮ್ಮಂದಿರಿಗೇ ಪೈಪೋಟಿ ಕೊಟ್ಟಳು.

ಹ್ಯಾಟು ಬೂಟು ಕೊಂಡರಾಯಿತೇ, ನಡಾವಳಿ ಬೇಡವೇ? ಬಿಲ್ಲು ಬರೆಯುತ್ತಲೇ ಆಕೆ ಪಾಠ ಹೇಳಿದರು. ಹ್ಯಾಟನ್ನು ಇಡುವಾಗ ನೆತ್ತಿ ಕೆಳಗೆ. ಇಲ್ಲದಿದ್ದರೆ ಅಂಚು ಚಪ್ಪಟೆಯಾಗುತ್ತದೆ, ಅದೃಷ್ಟವೂ ಸೋರಿಹೋಗುತ್ತದೆ. ಹಾಸಿಗೆಯ ಮೇಲೆ ಇಡಲೇಬಾರದು, ಕೇಡು. ರಾಷ್ಟ್ರಗೀತೆಗೆ, ಊಟಕ್ಕೆ ತೆಗೆಯಬೇಕು. ಇನ್ನೊಬ್ಬರ ಹ್ಯಾಟನ್ನು ಕೇಳದೆ ಮುಟ್ಟುವಂತಿಲ್ಲ. ಇಷ್ಟೆಲ್ಲ ಮಡಿ ಕಲಿತು ಮನೆಗೆ ಬಂದರೆ ಬಾಗಿಲಲ್ಲಿ ತಂಗಿ ನಿಂತಿದ್ದಳು. "ಹ್ಯಾಟು ಇರಲಿ ಅಣ್ಣ, ಬೂಟು ಬಿಚ್ಚಿ ಒಳಗೆ ಬಾ." ಸುಲಭವೇ? ಹಿಮ್ಮಡಿಯನ್ನು ಕವೆಗೆ ಸಿಕ್ಕಿಸಿ ಎಳೆಯುವ ಬೂಟ್‌ಜ್ಯಾಕ್ ಎಂಬ ಹಲಗೆ ಅಂಗಡಿಯಲ್ಲೇ ಉಳಿದಿತ್ತು. ತಂಗಿಯ ಮಗಳು ಒಂದು ಕಾಲು, ಅವಳ ಗಂಡ ಒಂದು ಕಾಲು ಹಿಡಿದು ಎಳೆದರು. ಪಕ್ಕದ ಮನೆಯವರು ಕಾರು ನಿಲ್ಲಿಸಿ ನೋಡಿದರು.

ಟೆಕ್ಸಸ್‌ನಲ್ಲಿ ಬಡಾಯಿಗಾರನನ್ನು ಹಂಗಿಸುವ ಮಾತೊಂದಿದೆ: ತಲೆ ತುಂಬ ಹ್ಯಾಟು, ದೊಡ್ಡಿಯಲ್ಲಿ ದನವಿಲ್ಲ. ನನ್ನ ಮಟ್ಟಿಗೆ ಇದು ಅಕ್ಷರಶಃ ನಿಜ. ಆದರೆ ಈ ವೇಷದ ಹಕ್ಕುದಾರರು ಯಾರು ಎಂದು ಹುಡುಕುತ್ತ ಹೋದರೆ ಸಮಾಧಾನವಾಗುತ್ತದೆ. ಹಗ್ಗ, ಜೀನು, ಅಗಲ ಅಂಚಿನ ಹ್ಯಾಟು ಎಲ್ಲ ಮೆಕ್ಸಿಕೋದ ವಕೇರೋ ದನಗಾಹಿಗಳಿಂದ ಬಂದವು. ದನದ ಜಾಡು ತುಳಿದವರಲ್ಲಿ ನಾಲ್ವರಲ್ಲೊಬ್ಬ ಕಪ್ಪು ಜನಾಂಗದವನಿದ್ದ ಎಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಓಡುವ ಹೋರಿಯ ಮೇಲೆ ಕುದುರೆಯಿಂದ ಎರಗಿ ಕೊಂಬು ಹಿಡಿದು ಕೆಡಹುತ್ತಿದ್ದ ಬಿಲ್ ಪಿಕೆಟ್‌ನ ಕಂಚಿನ ಪ್ರತಿಮೆ ಸ್ಟಾಕ್‌ಯಾರ್ಡ್ಸ್‌ನಲ್ಲೇ ನಿಂತಿದೆ. ಹ್ಯಾಟು ಮಾಡಿದವನು ಪೂರ್ವ ತೀರದ ಪಟ್ಟಣಿಗ. ಒಂದು ಶತಮಾನದ ಹಿಂದೆಯೇ ನ್ಯೂಯಾರ್ಕಿನ ಶ್ರೀಮಂತರು ದುಡ್ಡು ಕೊಟ್ಟು ಡ್ಯೂಡ್ ರ‍್ಯಾಂಚ್‌ಗಳಲ್ಲಿ ತಂಗಿ, ಇದೇ ಬೂಟು ಹಾಕಿ ಓಡಾಡಿದರು. 1980ರಲ್ಲಿ ಜಾನ್ ಟ್ರವೋಲ್ಟಾನ 'ಅರ್ಬನ್ ಕೌಬಾಯ್' ಬಂದ ಮೇಲೆ ದನದ ವಾಸನೆ ಅರಿಯದ ಊರುಗಳಲ್ಲೂ ಬೂಟು ಬಿಕರಿಯಾದವು. ಹೊರಗಿನವರು ಆಸೆಪಟ್ಟು ಹಾಕಿಕೊಂಡದ್ದರಿಂದಲೇ ದನದ ಜಾಡು ಅಳಿದರೂ ಹ್ಯಾಟು ಉಳಿಯಿತು. ಹಾಗೆ ನೋಡಿದರೆ ನಾನು ಪರಂಪರೆಯನ್ನು ಮುರಿದವನಲ್ಲ, ಮುಂದುವರಿಸಿದವನು.

ಅಳತೆಗೆ ತಲೆ ಕೊಡದೆ, ಹಬೆಗೆ ಕಾಯದೆ, ಗಾಜಿನ ಕಿಟಕಿಯ ಮುಂದೆ ಒಂದು ಹ್ಯಾಟೆತ್ತಿಕೊಂಡು ಫೋಟೋ ಹೊಡೆಸಿಕೊಂಡರೆ ಅದು ಸೋಗು. ಅಲ್ಲಿನ ಕಸುಬುದಾರರ ಕೈಗೆ ನಮ್ಮ ತಲೆ, ಕಾಲು ಒಪ್ಪಿಸಿ, ಅವರು ಹೇಳಿದ ಹಾಗೆ ಇಟ್ಟು, ಹಾಕಿ, ತೆಗೆದರೆ ಅದು ಉಡುಪು. ಹೋಗುವವರು ಸಂಜೆ ಹೊತ್ತಿಗೆ ಬೂಟು ನೋಡಿ, ಆಗ ಕಾಲು ಸ್ವಲ್ಪ ಊದಿರುತ್ತದೆ. ದಪ್ಪ ಕಾಲುಚೀಲ ಒಯ್ಯಿರಿ. ಅಂಗಡಿಯೊಳಗೆ ನಾಚಿಕೆ ಬಿಟ್ಟು ನಡೆಯಿರಿ. ಹಿಂದಿರುಗುವಾಗ ಹ್ಯಾಟಿಗೆ ವಿಮಾನದಲ್ಲಿ ತಲೆಯಷ್ಟು ಭದ್ರ ಜಾಗ ಬೇರೆ ಇಲ್ಲ. ಬೂಟಿನ ನಡುವಿನ ಉಕ್ಕಿನ ಪಟ್ಟಿ ತಪಾಸಣೆಯಲ್ಲಿ ಕೂಗಿದರೆ ಹೆದರಬೇಡಿ.

ಈಗ ಮೈಸೂರಿನ ಡಿಸೆಂಬರ್ ಬೆಳಗುಗಳಲ್ಲಿ ಕುಕ್ಕರಹಳ್ಳಿ ಕೆರೆ ಸುತ್ತುವಾಗ ಎರಡನ್ನೂ ಹಾಕುತ್ತೇನೆ. "ಕುದುರೆ ಎಲ್ಲಿ ಸ್ವಾಮಿ?" ಎಂದು ಕೇಳುವವರು ಕೇಳುತ್ತಾರೆ. ಕೇಳಲಿ, ನಿಂತು ನೋಡಲಿ, ಬೇಕಾದರೆ ಫೋಟೋ ತೆಗೆಯಲಿ. ಹ್ಯಾಟು ಮಾತ್ರ ಮುಟ್ಟುವಂತಿಲ್ಲ.