ಆಂಗ್ಲರ ನಾಡಿನ ಬಟಾಣಿ

ಇಂಗ್ಲೆಂಡಿನ ಪೂರ್ವತೀರದಲ್ಲಿ ಲಿಂಕನ್‌ಷೈರ್ ಎಂಬ ಪ್ರಾಂತವುಂಟು. ಬೆಟ್ಟಗುಡ್ಡಗಳು ಕಡಮೆ, ಕಣ್ಣು ಹರಿಯುವಷ್ಟು ದೂರವೂ ಬಯಲು, ಸಮುದ್ರದ ಕಡೆಯಿಂದ ತಂಪುಗಾಳಿ ಸುಳಿಯುತ್ತಲೇ ಇರುವುದು. ಜೂನ್ ತಿಂಗಳ ಕೊನೆಯಲ್ಲಿ ಈ ಸೀಮೆಗೆ ಹೋದವರು ನಡುರಾತ್ರಿಯಲ್ಲಿ ಹೊಲಗಳ ಮೇಲೆ ದೊಡ್ಡ ದೊಡ್ಡ ದೀಪಗಳು ಮೆಲ್ಲಗೆ ಸರಿದಾಡುವುದನ್ನು ಕಾಣಬಹುದು. ಅವು ಬಟಾಣಿ ಬಿಡಿಸುವ ಯಂತ್ರಗಳು. ಆಗಸ್ಟ್ ತಿಂಗಳ ನಡುವಿನವರೆಗೆ, ಸುಮಾರು ಎಂಟು ವಾರಗಳ ಕಾಲ, ಅವಕ್ಕೆ ಹಗಲೆಂಬುದೂ ಇಲ್ಲ, ಇರುಳೆಂಬುದೂ ಇಲ್ಲ.

ಇಷ್ಟು ಆತುರವೇಕೆಂದು ವಾಚಕರು ಕೇಳಬಹುದು. ಎಳೆಯ ಬಟಾಣಿಯಲ್ಲಿರುವ ಸಕ್ಕರೆಯು ಬಳ್ಳಿಯಿಂದ ಬೇರ್ಪಟ್ಟ ಗಳಿಗೆಯಿಂದಲೇ ಕುಂದತೊಡಗಿ ಪಿಷ್ಟವಾಗಿ ಮಾರ್ಪಡುವುದು. ಅವರೆಕಾಯಿಯ ಕಾಲದಲ್ಲಿ ಅಂದು ಕಿತ್ತ ಕಾಯಿಗೂ ನಿನ್ನೆಯ ಕಾಯಿಗೂ ಇರುವ ಅಂತರವನ್ನು ಬಲ್ಲ ನಮ್ಮ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದುದರಿಂದ ಹೊಲದಲ್ಲಿ ಬಿಡಿಸಿದ ಕಾಳು ಕಾರ್ಖಾನೆಗೆ ಹೋಗಿ, ಬಿಸಿನೀರಿನಲ್ಲಿ ಅದ್ದಿಸಿಕೊಂಡು, ಕಲ್ಲಿನಂತೆ ಹೆಪ್ಪುಗಟ್ಟುವವರೆಗೆ 150 ನಿಮಿಷಗಳಿಗಿಂತ ಹೆಚ್ಚು ಕಾಲ ಸಲ್ಲಬಾರದೆಂದು ಅಲ್ಲಿಯ ಹೆಸರಾದ ಕಂಪೆನಿಯೊಂದರ ಕಟ್ಟಳೆ. ಕಾಳಿನ ಎಳತನವನ್ನು ಒತ್ತಿ ಅಳೆಯುವುದಕ್ಕೆ ಒಂದು ಉಪಕರಣವನ್ನೂ ಇಟ್ಟಿರುವರು. ಅದರ ಮುಳ್ಳು ತೋರಿದ ದಿನವೇ ಕೊಯ್ಲು. ರೈತನ ಪಂಚಾಂಗಕ್ಕೆ ಅಲ್ಲಿ ಬೆಲೆಯಿಲ್ಲ.

ಇಂದು ಇಂಗ್ಲೆಂಡಿನ ಮಕ್ಕಳಿಗೆ ಬಟಾಣಿಯೆಂದರೆ ಹಸುರು. ಅವರ ಮುತ್ತಜ್ಜಂದಿರಿಗೆ ಹಾಗಲ್ಲ. ನಡುಗಾಲದ ಆಂಗ್ಲ ರೈತನು ಬಟಾಣಿಯನ್ನು ಬಲಿಯಲು ಬಿಟ್ಟು, ಒಣಗಿಸಿ, ಒಕ್ಕಿ, ಕಣಜ ತುಂಬುತ್ತಿದ್ದನು. ನಮ್ಮಲ್ಲಿ ತೊಗರಿಗೂ ಹುರುಳಿಗೂ ಇರುವ ಸ್ಥಾನ ಅಲ್ಲಿ ಅದಕ್ಕಿತ್ತು. ಮಾಂಸ ನಿಷಿದ್ಧವಾದ ಈಸ್ಟರಿಗೆ ಮುಂಚಿನ ಉಪವಾಸದ ವಾರಗಳಲ್ಲಿ ಬಡವನ ಹೊಟ್ಟೆ ಹೊರೆದುದು ಅದರ ಗಂಜಿಯೇ. ಕ್ಷಾಮ ಬಂದಾಗ ರೊಟ್ಟಿಯ ಹಿಟ್ಟಿಗೂ ಅದನ್ನೇ ಬೆರೆಸುತ್ತಿದ್ದರು. ಆಗ ಆ ಧಾನ್ಯದ ಹೆಸರು ಪೀಸ್. ಕೊನೆಯ ಸಕಾರವನ್ನು ಬಹುವಚನವೆಂದು ಬಗೆದ ಜನರು 17ನೆಯ ಶತಮಾನದ ಹೊತ್ತಿಗೆ ಅದನ್ನು ಕಿತ್ತೊಗೆದು 'ಪೀ' ಎಂಬ ಹೊಸ ಏಕವಚನವನ್ನು ಹುಟ್ಟಿಸಿದರು. ಲಂಡನ್ನಿನ ಹೊಗೆಮಂಜಿಗೆ ಬಟಾಣಿ ಸಾರಿನ ಹೆಸರನ್ನಿಟ್ಟಿದ್ದುದು ಮತ್ತೊಂದು ಸಾಕ್ಷಿ. ಸಾವಿರಾರು ಜನರನ್ನು ಬಲಿತೆಗೆದುಕೊಂಡ 1952ರ ಡಿಸೆಂಬರಿನ ಮಂಜೂ ಆ ಜಾತಿಯದೇ. ಅದು ಹಸುರಾಗಿರಲಿಲ್ಲ, ಮಂದವಾಗಿ ಹಳದಿಯಾಗಿತ್ತು. ಜನರು ಬಲ್ಲ ಸಾರಿನ ಬಣ್ಣವೂ ಅದೇ ಆಗಿತ್ತು.

ಹಸುರು ಕಾಳು ಮೊದಲು ಬಂದದ್ದು ಶ್ರೀಮಂತರ ಚಪಲಕ್ಕಾಗಿ. ಫ್ರಾನ್ಸಿನ 14ನೆಯ ಲೂಯಿಯ ಆಸ್ಥಾನದಲ್ಲಿ ಎಳೆಬಟಾಣಿಯ ಹುಚ್ಚು ಎಷ್ಟು ಏರಿತ್ತೆಂಬುದು ಮದಾಂ ದ ಮೆಂತೆನೊ 1696ರಲ್ಲಿ ಬರೆದ ಕಾಗದದಿಂದ ತಿಳಿಯುತ್ತದೆ. ಆ ಹುಚ್ಚು ಕಡಲು ದಾಟಿ ಇಂಗ್ಲೆಂಡಿಗೂ ಹಬ್ಬಿತು. ಮುಂದೆ ಹೆರೆಫರ್ಡ್‌ಷೈರಿನ ತಾಮಸ್ ಆಂಡ್ರೂ ನೈಟ್ ಎಂಬ ಭೂಮಾಲಿಕನು ತಳಿಗಳನ್ನು ಬೆರಕೆಮಾಡಿ ಸಿಹಿಯಾದ ಸುಕ್ಕುಗಾಳಿನ ಬಟಾಣಿಗಳನ್ನು ಬೆಳೆಸಿದನು. ಕಾಳು ಸುಕ್ಕುವುದೇಕೆಂಬ ಗುಟ್ಟು ಹೊರಬಿದ್ದುದು ಮಾತ್ರ 1990ರಲ್ಲಿ, ಪೂರ್ವತೀರದ ನಾರ್ವಿಚ್ ಪಟ್ಟಣದ ಜಾನ್ ಇನ್ನೆಸ್ ಸಂಶೋಧನಾಲಯದಲ್ಲಿ: ಪಿಷ್ಟವನ್ನು ಕಟ್ಟುವ ಒಂದು ಕಿಣ್ವವು ಕೆಟ್ಟಿರುವುದರಿಂದ ಸಕ್ಕರೆ ಉಳಿದುಬಿಡುವುದಂತೆ. ಒಂದು ಊನವೇ ರುಚಿಯಾಯಿತು!

19ನೆಯ ಶತಮಾನದಲ್ಲಿ ಒಣಬಟಾಣಿಯ ಇಳಿಗಾಲ ಮೊದಲಾಯಿತು. ಆಲೂಗೆಡ್ಡೆ ಮೊದಲೇ ಮನೆಮನೆಯನ್ನು ಹೊಕ್ಕಿತ್ತು. ಅಮೆರಿಕದ ಗೋಧಿ ಅಗ್ಗವಾಗಿ ಬಂದಿಳಿಯಿತು. 1882ರಲ್ಲಿ ನ್ಯೂಜಿಲೆಂಡಿನಿಂದ ಹೆಪ್ಪುಗಟ್ಟಿಸಿದ ಕುರಿಮಾಂಸದ ಹಡಗು ಬಂದು ಮುಟ್ಟಿತು. ಬಡವನ ಪಾತ್ರೆಯಿಂದ ಬಟಾಣಿಯನ್ನು ಹೊರದೂಡಿದುದರಲ್ಲಿ ಈ ಹಿಮದ ಪಾಲೂ ಉಂಟು. ಮುಂದೆ ಅದನ್ನು ಹಸುರು ವೇಷದಲ್ಲಿ ಮರಳಿ ಕರೆತಂದುದೂ ಹಿಮವೇ. ನಡುವೆ ತಗಡಿನ ಡಬ್ಬಿಯ ಕಾಲವೊಂದಿತ್ತು. ಷೆಫೀಲ್ಡಿನಲ್ಲಿ 1895ರಲ್ಲಿ ಆರಂಭವಾದ ಬ್ಯಾಚಲರ್ಸ್ ಮೊದಲಾದ ಕಾರ್ಖಾನೆಗಳು ಒಣಗಾಳನ್ನೇ ನೆನೆಸಿ, ಬೇಯಿಸಿ, ಡಬ್ಬಿಗೆ ತುಂಬಿ ಮಾರಿದವು. ಅಂಥ ಕಾಳಿಗೆ ಹಸುರು ಬಣ್ಣ ಹಾಕುವುದು ಬಹುಕಾಲದ ರೂಢಿ. ಒಣಗಾಳು ತನ್ನ ಬಣ್ಣಕ್ಕೆ ತಾನೇ ನಾಚಬೇಕಾಗಿ ಬಂದುದು ನಮಗೆ ಅಷ್ಟೇನೂ ಒಪ್ಪಿಗೆಯಾಗುವುದಿಲ್ಲ. ಎರಡನೆಯ ಮಹಾಯುದ್ಧದ ಅನಂತರ ಹೆಪ್ಪುಗಟ್ಟಿಸುವ ಕಾರ್ಖಾನೆಗಳು ಪೂರ್ವತೀರದ ಉದ್ದಕ್ಕೂ ಎದ್ದವು. ಮನೆಗಳಿಗೆ ಶೀತಪೆಟ್ಟಿಗೆಗಳು ಬಂದಂತೆಲ್ಲ ಬೇಳೆ ನೆನೆಹಾಕುವ ಪಾತ್ರೆ ಅಟ್ಟವೇರಿತು.

ಬೆಳೆಗಾರರ ಲೆಕ್ಕದಂತೆ ಹೆಪ್ಪುಗಟ್ಟಿಸುವ ಬಟಾಣಿಯ ಬೆಳೆ ಸುಮಾರು 35,000 ಹೆಕ್ಟೇರಿನಷ್ಟು. ಈ ಕಾಳಿನಲ್ಲಿ ದೇಶವು ನೂರಕ್ಕೆ 90 ಪಾಲು ಸ್ವಾವಲಂಬಿ. ಮೆಚ್ಚತಕ್ಕ ಸಂಗತಿಯೇ. ಆದರೆ ಹಿಂದೆ ಊಟವೇ ಆಗಿದ್ದುದು ಈಗ ತಟ್ಟೆಯ ಅಂಚಿನ ಒಂದು ಹಿಡಿಯಾಗಿದೆ. ಅಲ್ಲಿ ಬೆಳೆದ ಒಣಗಾಳಿನಲ್ಲಿ ಬಹುಭಾಗ ದನಕರುಗಳ ಮೇವಿಗೂ ಹೊರದೇಶಗಳಿಗೂ ಹೋಗುತ್ತದೆ.

ಹಳೆಯ ರುಚಿಯನ್ನು ಹುಡುಕುವವರು ಉತ್ತರಕ್ಕೆ ಹೋಗಬೇಕು. ನಾಟಿಂಗ್‌ಹ್ಯಾಮಿನ ಬಾತುಜಾತ್ರೆಯಲ್ಲಿ ರಾತ್ರಿಯೆಲ್ಲ ಸೋಡದಲ್ಲಿ ನೆನೆದು ಬೆಂದು ಮಿದುವಾದ ದಪ್ಪ ಬಟಾಣಿಗೆ ಪುದೀನದ ರಸ ಹಾಕಿ ಕೊಡುವರು. ಈಶಾನ್ಯದ ಊರುಗಳಲ್ಲಿ ಈಸ್ಟರಿಗೆ ಎರಡು ವಾರ ಮುಂಚಿನ ಭಾನುವಾರ ಕಾರ್ಲಿನ್ ಎಂಬ ಕಂದು ಬಟಾಣಿಯನ್ನು ಬೇಯಿಸಿ ಬೆಣ್ಣೆಯಲ್ಲಿ ಹುರಿದು ತಿನ್ನುವ ಪದ್ಧತಿಯುಂಟು. ಉಳಿದ ದಿನ ಆ ಜಾತಿಯ ಕಾಳು ಪಾರಿವಾಳಗಳ ಪಾಲು. ನ್ಯೂಕಾಸಲ್ಲಿನ ಪೀಸ್ ಪುಡಿಂಗಂತೂ ನಮ್ಮವರಿಗೆ ಅಪರಿಚಿತವೆನಿಸದು. ಹಳದಿ ಬಟಾಣಿಯ ಬೇಳೆಯನ್ನು ನೆನೆಸಿ, ಬಟ್ಟೆಯಲ್ಲಿ ಸಡಿಲವಾಗಿ ಗಂಟುಕಟ್ಟಿ, ಹಂದಿಮಾಂಸದೊಡನೆ ಬೇಯಿಸಿ, ಬಳಿಕ ಬೆಣ್ಣೆ ಮೆಣಸಿನಪುಡಿ ಸೇರಿಸಿ ಮಸೆಯುವರು. ಮಾಂಸವನ್ನು ಬಿಟ್ಟು ಮಾಡಿದರೆ ಅದು ಗಟ್ಟಿಯಾದ ತೊವ್ವೆಯೇ ಸರಿ, ಒಗ್ಗರಣೆಯೊಂದು ಕಡಮೆ. ಸಫೋಕ್ ಪ್ರಾಂತದಲ್ಲಿ 2012ರಿಂದ ಹಾಡ್‌ಮೆಡಾಡ್ಸ್ ಎಂಬ ಸಣ್ಣ ವ್ಯಾಪಾರವೊಂದು ಆ ನಾಡಿನ ಕಾಳುಗಳನ್ನು ಆ ನಾಡಿನ ಜನರಿಗೇ ಮಾರುತ್ತಿದೆ. ನಮಗೆ ಇದು ಸಂತೋಷದ ಸುದ್ದಿ.

ಹಸುರು ಬಟಾಣಿಗೂ ನಿಶ್ಚಿಂತೆಯಿಲ್ಲ. ಗಾಳಿಯ ಸಾರಜನಕವನ್ನು ಬೇರಿನಲ್ಲಿ ಹಿಡಿದಿಡುವ ಈ ಬೆಳೆ ನೆಲಕ್ಕೆ ಹಿತವಾದುದೇ. ಆದರೂ ಬೇರುಕೊಳೆಯ ಭಯದಿಂದ ಒಂದೇ ಹೊಲದಲ್ಲಿ ಅದನ್ನು ಮರಳಿ ಬಿತ್ತುವುದಕ್ಕೆ ಹಲವು ವರ್ಷ ಕಾಯಬೇಕು. ಅದಕ್ಕೆ ಬೇಕಾದುದು ಕಡಲಿನ ತಂಪು. 2022ರ ಜುಲೈ 19ರಂದು ಇದೇ ಲಿಂಕನ್‌ಷೈರಿನ ಕೋನಿಂಗ್ಸ್‌ಬಿಯಲ್ಲಿ ಉಷ್ಣಮಾನವು 40.3 ಡಿಗ್ರಿ ಸೆಂಟಿಗ್ರೇಡಿಗೇರಿತು. ಆ ದೇಶದಲ್ಲಿ ಅಳೆದುದರಲ್ಲೆಲ್ಲ ಅದೇ ಮಿಗಿಲಾದುದು, ಅದೂ ಕೊಯ್ಲಿನ ನಡುಮಧ್ಯದಲ್ಲಿ. ಬಿಸಿಲು ಹೀಗೆ ಏರಿದರೆ ವಾರವಾರಕ್ಕೆ ಒಂದೊಂದಾಗಿ ಮಾಗಲೆಂದು ಸರದಿಯಿಟ್ಟು ಬಿತ್ತಿದ ಹೊಲಗಳು ಒಮ್ಮೆಗೇ ಮಾಗಿಬಿಡುವುವು. ಯಂತ್ರಗಳು ಅಷ್ಟೇ, ಇರುಳುಗಳೂ ಅಷ್ಟೇ. ಮುಟ್ಟಲಾಗದೆ ಬಿಟ್ಟ ಹೊಲದಲ್ಲಿ ಕಾಳು ಬಲಿತು ಗಟ್ಟಿಯಾಗುವುದು. ಕಾರ್ಖಾನೆಯವರು ಅದನ್ನು ಕೊಳ್ಳುವುದಿಲ್ಲ, ರೈತನು ನೇಗಿಲು ಹೂಡಿ ಮಣ್ಣಿಗೆ ಸೇರಿಸುವನು, ಇಲ್ಲವೆ ಒಣಗಲು ಬಿಟ್ಟು ದನದ ಮೇವಿಗೆ ಮಾರುವನು.